ಮಾವ ನೆಟ್ಟ ಗರಿಕೆ

ಮೊನ್ನೆ ಮೊಮ್ಮಗ ನನ್ನನ್ನು ದಾವಣಗೆರೆಯಲ್ಲಿ ಹೊಸದಾಗಿ ಮಾಡಿರುವ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದ. ಒಳಗೆ ಕಾಲಿಟ್ಟವಳೇ ಹುಲ್ಲು ಕಂಡು ಚಪ್ಪಲಿ ಬಿಟ್ಟೆ. ಇದು ನನ್ನ ಹಳೆಯ ಚಾಳಿ. ಸೀರೆಯ ನೆರಿಗೆ ಒಂದಿಷ್ಟು ಎತ್ತಿ ಹಿಡಿದು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಕಾವಲಿನವನು ಎಲ್ಲಿಂದಲೋ ಸೀಟಿ ಊದಿಕೊಂಡು ಓಡಿ ಬಂದ. ಬಂದವನು ಬಾಯಿ ಬಿಡಲಿಲ್ಲ, ಬರೀ ಬೋರ್ಡಿನ ಕಡೆ ಕೈ ತೋರಿಸಿದ. 'ಹುಲ್ಲಿನ ಮೇಲೆ ನಡೆಯಬಾರದು.' ಅಕ್ಷರ ಕಲಿತದ್ದರಿಂದ ನನಗಾಗಿರುವ ತೊಂದರೆಗಳಲ್ಲಿ ಇದೂ ಒಂದು. ಓದಲು ಬಾರದು ಎಂದು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

ನೀವು ನಗಬೇಡಿ, ನನಗೆ ನಿಜವಾಗಿ ದಿಗ್ಭ್ರಮೆಯಾಯಿತು. ದನಕ್ಕೂ ಹಾಕುವುದಿಲ್ಲ, ಮೇಲೆ ನಡೆಯಲೂ ಬಿಡುವುದಿಲ್ಲ, ಹಾಗಾದರೆ ಇಷ್ಟು ನೀರು ಸುರಿದು ಬೆಳೆಸಿದ್ದು ಯಾತಕ್ಕೆ? ಮೊಮ್ಮಗ ಮೆಲ್ಲಗೆ ಹೇಳಿದ: "ಇದು ಲಾನ್ ಅಜ್ಜಿ, ನೋಡೋಕೆ ಅಷ್ಟೇ." ನೋಡುವುದಕ್ಕೆ ಅಷ್ಟೇ! ಆ ಮಾತು ಕೇಳಿ ನಾನು ಅಲ್ಲೇ ಒಂದು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ. ಲಾನ್ ಎಂಬ ಹೆಸರು ಕೇಳುವುದಕ್ಕೂ ಎಷ್ಟೋ ಮೊದಲು ನಾನೊಂದು ಲಾನಿನ ಜೊತೆ ಸಂಸಾರ ಮಾಡಿದವಳು. ಅದು ನೋಡುವುದಕ್ಕೆ ಬೆಳೆಸಿದ್ದಲ್ಲ. ಅದನ್ನು ಯಾರಿಗಾಗಿ ಬೆಳೆಸಿದ್ದರೋ ಅವರು ಅದನ್ನು ನೋಡಲೇ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಮೊಳಕಾಲ್ಮೂರು ಸೀಮೆಯ ಬಿ.ಜಿ. ಕೆರೆಯಲ್ಲಿ. ನಮ್ಮಪ್ಪನ ಅರ್ಧ ಆಯುಷ್ಯ ಹೊಲದ ಗರಿಕೆ ಕೀಳುವುದರಲ್ಲೇ ಹೋಗಿತ್ತು. ಗಣಪನ ಹಬ್ಬದ ದಿನ ಒಂದು ಹಿಡಿ ಗರಿಕೆಗೆ ಕೈ ಮುಗಿಯುತ್ತಿದ್ದರು, ಮಾರನೆಯ ದಿನ ಅದೇ ಕೈಯಲ್ಲಿ ಗುದ್ದಲಿ ಹಿಡಿದು ಗರಿಕೆಯ ವಂಶವನ್ನೇ ಬೈಯುತ್ತಿದ್ದರು. ಒಂದು ಗೆಣ್ಣು ಮಣ್ಣಲ್ಲಿ ಉಳಿದರೆ ಸಾಕು, ಮಳೆ ಬಿದ್ದ ವಾರದೊಳಗೆ ಹೊಲವೆಲ್ಲ ತನ್ನದೇ ಎನ್ನುವ ಜಾತಿ ಅದು. ದಿನವೆಲ್ಲ ಅಗೆದು, ಬೇರು ಆಯ್ದು, ಬದುವಿನ ಮೇಲೆ ಒಣಗಿಸಿ ಸುಡುವುದನ್ನು ನೋಡಿಕೊಂಡೇ ನಾನು ದೊಡ್ಡವಳಾದೆ.

ಸಾವಿರದ ಒಂಬೈನೂರು ದಾಟಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ಮದುವೆಯಾಗಿ, ಆಷಾಢ ಕಳೆದು, ಶ್ರಾವಣದಲ್ಲಿ ಎತ್ತಿನ ಗಾಡಿಯಲ್ಲಿ ಚಳ್ಳಕೆರೆಯ ಗಂಡನ ಮನೆಗೆ ಬಂದೆ. ಮಾವನವರು ಕಂಬಳಿ ವ್ಯಾಪಾರಿ. ಊರಲ್ಲಿ ಕಂಬಳಿ ರುದ್ರಪ್ಪ ಎಂದೇ ಹೆಸರು. ಕಿವಿಯವರೆಗೆ ತಿರುವಿದ ಮೀಸೆ, ಬಿಳಿ ರುಮಾಲು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಸಂತೆಯಲ್ಲಿ ಅವರು ಒಂದು ಬೆಲೆ ಹೇಳಿದರೆ ಎದುರಿನವರು ಮರುಮಾತಾಡುತ್ತಿರಲಿಲ್ಲವಂತೆ. ಅತ್ತೆ ಗಂಗಮ್ಮನವರು ಮಾತಿನಲ್ಲಿ ಚುರುಕು. ಮನೆಯಲ್ಲಿ ನಾವು ನಾಲ್ಕೇ ಜನ. ಅದರಲ್ಲೂ ನನ್ನ ಗಂಡ ಕಂಬಳಿ ಗಾಡಿಯ ಜೊತೆ ಊರೂರಿನ ಸಂತೆ ಸುತ್ತುತ್ತಿದ್ದರಿಂದ ಹೆಚ್ಚು ದಿನ ಮೂವರೇ.

ಬಂದ ಮರುದಿನ ಬೆಳಿಗ್ಗೆ ನೀರು ಸೇದಲು ಹಿತ್ತಲಿಗೆ ಹೋದವಳು ಕೊಡ ಕಂಕುಳಲ್ಲೇ ಇಟ್ಟುಕೊಂಡು ನಿಂತುಬಿಟ್ಟೆ. ಬಾವಿಯ ಆಚೆ ಬಯಲಿನಂಥ ಜಾಗವನ್ನು ಅಗೆದು, ಕಲ್ಲು ಆಯ್ದು ಹದ ಮಾಡಿದ್ದರು. ಮಾವನವರು ಪಂಚೆ ಮೇಲೆ ಕಟ್ಟಿ, ಕುಕ್ಕರಗಾಲಲ್ಲಿ ಕುಳಿತು, ಕೆರೆ ಏರಿಯಿಂದ ತಂದ ಗರಿಕೆಯ ಬಳ್ಳಿಗಳನ್ನು ಒಂದೊಂದಾಗಿ, ರಾಗಿ ಪೈರು ನಾಟಿ ಹಾಕುವ ಹಾಗೆ ಸಾಲಾಗಿ ನೆಡುತ್ತಿದ್ದರು. ನಮ್ಮಪ್ಪ ಕಿತ್ತು ಸುಡುತ್ತಿದ್ದುದನ್ನು ಇವರು ನೆಡುತ್ತಿದ್ದಾರೆ! ಹುಚ್ಚರ ಮನೆಗೆ ಕೊಟ್ಟರಲ್ಲ ಎಂದುಕೊಂಡೆ. ಓಡಿ ಒಳಗೆ ಬಂದು ಅತ್ತೆಗೆ ಹೇಳಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಮ್ಮ ಕಡೆಯ ಅರ್ಧ ತೆಲುಗು. ನಾವು ಹುಲ್ಲಿಗೆ ಗಡ್ಡಿ ಎನ್ನುವವರು.

"ಅತ್ತೇ, ಮಾವಾರು ಗಡ್ಡಿ ನಾಟಿ ಹಾಕ್ತಾವ್ರೆ."

ಅತ್ತೆ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅವರ ಮೀಸೇನೆ ಹೊರೋಕಾಗ್ತಿಲ್ಲ, ಗಡ್ಡ ಬೇರೆ ನಾಟಿ ಹಾಕ್ಕೊಂತಾರಂತಾ?" ಎಂದರು. ಆ ಮಾತು ಮನೆಯಲ್ಲಿ ವರ್ಷಗಟ್ಟಲೆ ಉಳಿಯಿತು. ನನ್ನ ತವರಿನವರು ಯಾರಾದರೂ ಬಂದರೆ ಸಾಕು, ಗಡ್ಡದ ಕತೆ ಮೊದಲು ಬಡಿಸಿ ಆಮೇಲೆ ಊಟ ಬಡಿಸುತ್ತಿದ್ದರು.

ಕಾರಣ ಆಮೇಲೆ ತಿಳಿಯಿತು. ಅತ್ತೆಗೆ ಒಂದೆರಡು ವರ್ಷದಿಂದ ದೃಷ್ಟಿ ಮಬ್ಬಾಗುತ್ತಾ ಬಂದಿತ್ತು. ಕಣ್ಣು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಪೊರೆಯಿಲ್ಲ, ಕೆಂಪಿಲ್ಲ, ತಿಳಿನೀರಿನಂತೆ ಇದ್ದವು. ಮಾವ ಮಾಡಿಸದ ಔಷಧಿಯಿಲ್ಲ. ಕೊನೆಗೆ ಪೇಟೆಯ ಹಕೀಮ ಸಾಹೇಬರು ನಾಡಿ ಹಿಡಿದು, ಕಣ್ಣಿನ ಹಿಂದಿನ ದೀಪ ಸಣ್ಣಗಾಗುತ್ತಿದೆ, ದಿನಾ ಬೆಳಗಿನ ಜಾವ ಹಸಿರು ಹುಲ್ಲಿನ ಶಬನಮ್ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣಿಗೆ ತಂಪು ಹತ್ತುತ್ತದೆ ಎಂದಿದ್ದರಂತೆ. ಶಬನಮ್ ಎಂದರೆ ಇಬ್ಬನಿ. ನಮ್ಮ ಮಾವನ ಬಾಯಲ್ಲಿ ಅದು ಶಬನಮ್ಮ ಆಯಿತು. ಯಾರು ಕೇಳಿದರೂ, "ನಮ್ಮ ಮನೆಯಾಕೆ ಶಬನಮ್ಮನ ಮೇಲೆ ನಡೀಬೇಕಂತೆ" ಎನ್ನುತ್ತಿದ್ದರು. ಮಾರಮ್ಮ, ದುರ್ಗಮ್ಮನನ್ನು ಕಂಡ ಊರು, ರುದ್ರಪ್ಪ ಹಿತ್ತಲಲ್ಲಿ ಹೊಸ ದೇವಿಯನ್ನು ಇಡುತ್ತಿದ್ದಾನೆ ಎಂದುಕೊಂಡಿತು. ಪಕ್ಕದ ಮನೆಯ ನಿಂಗಮ್ಮ ಒಂದು ಶುಕ್ರವಾರ ಕಾಯಿ, ಅರಿಶಿನ ಹಿಡಿದು ಬಂದೇ ಬಿಟ್ಟಳು. ದೇವಿಯ ಮೇಲೆ ಕಾಲಿಡುವುದು ಹೇಗಮ್ಮಾ, ಪಾಪ ಬರುವುದಿಲ್ಲವಾ ಎಂದು ನನ್ನನ್ನು ಕೇಳಿದಳು. ಅದು ಬರೀ ಇಬ್ಬನಿ ಎಂದು ಹೇಳಿದರೂ ನಂಬಲಿಲ್ಲ. ಕಾಯಿ ಒಡೆದೇ ಹೋದಳು.

ಕಾರ್ತಿಕದ ಹೊತ್ತಿಗೆ ಹುಲ್ಲು ಹೆಣೆದುಕೊಂಡು ಹಾಸಾಯಿತು. ಮೊದಲ ದಿನ ಮಾವ ಅತ್ತೆಯನ್ನು ಕರೆದುಕೊಂಡು ಹೊರಟರು. ನಾನು ಹಿತ್ತಲ ಬಾಗಿಲಲ್ಲಿ ಕಸ ಗುಡಿಸುತ್ತಿದ್ದೆ. ಮಾವ ಹುಲ್ಲಿನ ಅಂಚಿಗೆ ಬಂದು ನಿಂತು, ಅತ್ತಿತ್ತ ನೋಡಿ, ಅತ್ತೆಯ ಕೈ ಹಿಡಿದುಕೊಂಡರು. ಹಗಲು ಬೆಳಕಲ್ಲಿ! ಸೊಸೆಯ ಎದುರಿಗೆ! ನನಗೆ ಮೈಯೆಲ್ಲ ಬಿಸಿಯಾಗಿ, ಪೊರಕೆ ಅಲ್ಲೇ ಬಿಸಾಕಿ, ಒಲೆಯ ಮುಂದೆ ಹೋಗಿ ಮುಖ ಮುಚ್ಚಿಕೊಂಡು ಕುಳಿತೆ. ಈಗಿನವರಿಗೆ ಇದು ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದೇ ಹೆಚ್ಚು. ಬೇಲಿಯಾಚೆಯಿಂದ ನಿಂಗಮ್ಮನೂ ಕಂಡಳೆಂದು ತೋರುತ್ತದೆ. ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಸಂತೆಯಲ್ಲಿ ಯಾರೋ ಮಾವನನ್ನು ಹುಲ್ಲು ರುದ್ರಪ್ಪ ಎಂದರಂತೆ. ಮಾವ ಮಾತ್ರ ಮಾರನೆಯ ದಿನವೂ ಕೈ ಹಿಡಿದರು, ಅದರ ಮಾರನೆಯ ದಿನವೂ ಹಿಡಿದರು.

ನಡೆದು ಬಂದ ಮೇಲೆ ಅವರು ದಿನಾ ಕೇಳುತ್ತಿದ್ದರು, ಇವತ್ತು ಹೇಗಿದೆ ಎಂದು. ಅತ್ತೆ ಒಂದು ದಿನ, ಮಬ್ಬು ಒಂಚೂರು ಕಮ್ಮಿ ಅನ್ನುತ್ತಿದ್ದರು, ಇನ್ನೊಂದು ದಿನ ನೆನ್ನೆಯಂಗೇ ಐತೆ ಅನ್ನುತ್ತಿದ್ದರು. ಕಮ್ಮಿ ಎಂದ ದಿನ ಮಾವ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು.

ಹುಲ್ಲು ಬೆಳೆಸುವುದು ಕಂಬಳಿ ಮಾರಿದಂತಲ್ಲ ಎಂಬುದು ಮಾರ್ಗಶಿರದಲ್ಲಿ ಗೊತ್ತಾಯಿತು. ಇಬ್ಬನಿ ಹೆಚ್ಚು ಬೀಳಲಿ ಎಂದು ಮಾವ ದಿನಾ ಸಂಜೆ ಕತ್ತಲಾಗುವ ಹೊತ್ತಿಗೆ ನೀರು ಚಿಮುಕಿಸುತ್ತಿದ್ದರು. ಒಂದು ಬೆಳಿಗ್ಗೆ ನೋಡುತ್ತೇನೆ, ಹುಲ್ಲಿನ ಮೇಲೆ ಅಲ್ಲಲ್ಲಿ ಬಿಳಿ ನೂಲು, ಜೇಡ ಬಲೆ ನೇಯ್ದ ಹಾಗೆ. ಬಿಸಿಲೇರಿದರೆ ಮಾಯ. ನಾಲ್ಕಾರು ದಿನ ಕಳೆದ ಮೇಲೆ ನೂಲಿದ್ದ ಕಡೆಯೆಲ್ಲ ರೂಪಾಯಿ ಬಿಲ್ಲೆಯಗಲದ ಒಣ ಕಲೆಗಳು ಎದ್ದವು, ಸಿಡುಬು ಬಂದ ಮುಖದಂತೆ. ಮಾವ ನೋಡಿ ನೋಡಿ ಕಂಗಾಲಾದರು. ರೊಟ್ಟಿಯ ಮೇಲಾಗಿದ್ದರೆ ಬೂಷ್ಟು ಎಂದು ನಮಗೆ ಗೊತ್ತಾಗುತ್ತಿತ್ತು; ಜೀವ ಇರುವ ಹುಲ್ಲಿಗೂ ಬೂಷ್ಟು ಹಿಡಿಯುತ್ತದೆಂದು ಯಾರಿಗೆ ಗೊತ್ತು? ನಿಂಗಮ್ಮ ಮಾತ್ರ ತುಳಿದರೆ ಶಬನಮ್ಮನಿಗೆ ಸಿಟ್ಟು ಬಾರದೆ ಇರುತ್ತದೆಯೇ ಎಂದು ತಲೆಯಾಡಿಸಿದಳು.

ಆದರೆ ತುಳಿದ ಕಡೆಯೇ ಕಲೆ ಇರಲಿಲ್ಲ. ಅವರಿಬ್ಬರೂ ನಡೆಯುತ್ತಿದ್ದ ಜಾಡು ಹಸಿರಾಗಿ ಹಾಗೇ ಇತ್ತು, ಅದರ ಎರಡೂ ಪಕ್ಕದಲ್ಲಿ ರೋಗ. ನಾನು ಹೊಸ ಸೊಸೆ, ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ಅತ್ತೆಯ ಕಿವಿಯಲ್ಲಿ ಹೇಳಿದೆ, ಅತ್ತೆ ಗೋಡೆಗೆ ಹೇಳುವಂತೆ ಗಟ್ಟಿಯಾಗಿ ಹೇಳಿದರು, ಮಾವ ಕೇಳಿಸಿಕೊಂಡರು. ನಡೆದಾಗ ಇಬ್ಬನಿ ಉದುರಿಹೋಗುತ್ತದೆ, ಉದುರದ ಕಡೆ ಹುಲ್ಲು ಹೊತ್ತೇರುವವರೆಗೂ ಒದ್ದೆಯಾಗಿ ಕೊಳೆಯುತ್ತದೆ ಎಂದು ನಾವು ಊಹಿಸಿದೆವು. ಅಂದಿನಿಂದ ಸಂಜೆ ನೀರು ನಿಂತಿತು, ಬೆಳಗಾದ ಮೇಲೆ ಮಾತ್ರ. ಅವರಿಬ್ಬರೂ ನಡೆದು ಮುಗಿಸಿದ ಮೇಲೆ ಮಾವ ಒಂದು ತುದಿ, ನಾನೊಂದು ತುದಿ ಬಾವಿಯ ಹಗ್ಗ ಹಿಡಿದು ಹುಲ್ಲಿನ ಮೇಲೆ ಎಳೆದು ಉಳಿದ ಇಬ್ಬನಿಯನ್ನು ಕೆಡವುತ್ತಿದ್ದೆವು. ಮಾವ ಸೊಸೆ ಹಗ್ಗ ಹಿಡಿದು ಖಾಲಿ ನೆಲ ಎಳೆಯುವುದನ್ನು ಕಂಡ ದಾರಿಹೋಕರು ಏನೆಂದುಕೊಂಡರೋ ನಾನು ವಿಚಾರಿಸಲಿಲ್ಲ. ಕಲೆಗಳು ತುಂಬಿಕೊಂಡವು.

ಯುಗಾದಿಗೆ ಮಾವ ಇನ್ನೊಂದು ಸಾಹಸ ಮಾಡಿದರು. ಹಬ್ಬಕ್ಕೆ ಎಲ್ಲ ಚೊಕ್ಕಟವಾಗಿರಲಿ ಎಂದು ಕುಡುಗೋಲು ಹಿಡಿದು ಹುಲ್ಲನ್ನು ನೆಲಮಟ್ಟ ಕೊಯ್ದರು. ನೋಡಲು ಚೆನ್ನಾಗಿಯೇ ಇತ್ತು, ಕ್ಷೌರ ಮಾಡಿಸಿಕೊಂಡ ಹಾಗೆ. ಆಮೇಲೆ ಬಂತು ನಮ್ಮ ಚಳ್ಳಕೆರೆಯ ಬಿಸಿಲು. ಆ ಬಿಸಿಲನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ, ಕಾಣದವರಿಗೆ ವಿವರಿಸಿ ಫಲವಿಲ್ಲ. ಮೊದಲು ಹುಲ್ಲಿನ ಬಣ್ಣ ಬೂದಿಯ ಕಡೆ ತಿರುಗಿತು. ಆಮೇಲೆ ನಾನೊಂದು ವಿಚಿತ್ರ ಕಂಡೆ. ಅತ್ತೆ ನಡೆದು ಹೋದ ಮೇಲೆ ಹೆಜ್ಜೆಗಳು ಹಾಗೇ ಉಳಿದಿದ್ದವು. ಮೊದಲೆಲ್ಲ ಕಾಲು ಎತ್ತಿದ ತಕ್ಷಣ ಹುಲ್ಲು ತಲೆ ಎತ್ತುತ್ತಿತ್ತು. ಈಗ ಅದಕ್ಕೆ ಏಳುವ ಶಕ್ತಿ ಇರಲಿಲ್ಲ. ಹಿತ್ತಲ ಉದ್ದಕ್ಕೂ ಎರಡು ಜೊತೆ ಪಾದದ ಗುರುತು, ಮಣ್ಣೆತ್ತಿನ ಅಮಾವಾಸ್ಯೆಗೆ ಒದ್ದೆ ಮಣ್ಣಲ್ಲಿ ಮೂಡಿದ ಹಾಗೆ.

ಮಾವ ಗಾಬರಿಯಾಗಿ ಸುಡು ಮಧ್ಯಾಹ್ನದಲ್ಲಿ ಕೊಡಗಟ್ಟಲೆ ನೀರು ಹೊಯ್ದರು. ಹಂಚಿನ ಮೇಲೆ ಹೊಯ್ದಂತಾಯಿತು. ಹುಲ್ಲು ಇನ್ನಷ್ಟು ಬೆಂದಿತು. ಅತ್ತೆ ಒಳಗಿಂದಲೇ, ಸುಡು ಬಿಸಿಲಲ್ಲಿ ಯಾರಾದರೂ ತಲೆ ಬೋಳಿಸಿ ನಿಲ್ಲಿಸುತ್ತಾರಾ, ಒಂದಿಷ್ಟು ಕೂದಲು ಬಿಟ್ಟಿದ್ದರೆ ಅದರ ಬುಡಕ್ಕೆ ಅದೇ ನೆರಳಾಗುತ್ತಿತ್ತು ಎಂದರು. ಮಾವ ಕುಡುಗೋಲನ್ನು ಅಟ್ಟಕ್ಕೆ ಎಸೆದರು. ನೀರು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಹೊಯ್ಯುವುದಕ್ಕೆ ಶುರುಮಾಡಿದರು, ಹೊಯ್ದೇ ಹೊಯ್ದರು.

ಆ ವರ್ಷ ಬೀದಿಯ ಬಾವಿಗಳು ಒಂದೊಂದಾಗಿ ತಳ ಕಂಡವು. ನಮ್ಮ ಬಾವಿಯಲ್ಲಿ ಇನ್ನೂ ಒಂದಾಳು ನೀರಿತ್ತು. ಬೀದಿಯ ಹೆಂಗಸರು ಕೊಡ ಹಿಡಿದು ನಮ್ಮ ಹಿತ್ತಲಿಗೆ ಬರತೊಡಗಿದರು. ಅವರು ಸರದಿಯಲ್ಲಿ ನಿಂತಿರುವಾಗ ಮಾವ ಅವರ ಕಣ್ಣ ಮುಂದೆಯೇ ಹುಲ್ಲಿಗೆ ನೀರು ಹೊಯ್ಯುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಆ ಮೌನ ಕೇಳಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಹುಲ್ಲಿನ ಅಂಚಿನವರೆಗೆ ಬಂದವರು ಮುಂದೆ ಹೆಜ್ಜೆ ಇಡಲಿಲ್ಲ. ನಿಂಗಮ್ಮ, ಇನ್ನೂ ಮೂರು ನಾಲ್ಕು ಜನ ಬಾವಿಯ ಹತ್ತಿರ ಇದ್ದರು. ಅತ್ತೆ ಮೆಲ್ಲಗೇ ಹೇಳಿದರು, ಆದರೆ ಎಲ್ಲರಿಗೂ ಕೇಳಿಸಿತು.

"ಮಂದಿ ಬಾಯಿಗೆ ಇಲ್ದಿರೋ ನೀರು ನನ್ನ ಕಾಲಿಗೆ ಬ್ಯಾಡ ಕಣ್ರೀ."

"ನಿನ್ನ ಕಣ್ಣು?" ಎಂದರು ಮಾವ.

"ನನ್ನ ಕಣ್ಣಿಗೆ ಇವರೆಲ್ಲ ನೀರು ಹಾಕ್ಬೇಕಾ? ಸಾಕು."

ಎದುರಿಗೆ ಅಷ್ಟು ಜನರಿರುವಾಗ ಹೆಂಡತಿ ಗಂಡನಿಗೆ ಸಾಕು ಎನ್ನುವುದನ್ನು ನಾನು ಕಂಡದ್ದು ಅದೇ ಮೊದಲು. ಮಾವನ ಮೀಸೆ ಅದುರಿತು. ಬಿಂದಿಗೆಯನ್ನು ಅಲ್ಲೇ ನೆಲಕ್ಕೆ ಇಟ್ಟು ಹೊರಟುಹೋದರು. ಅಂದಿನಿಂದ ಹುಲ್ಲಿಗೆ ಸಿಕ್ಕಿದ್ದು ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು, ಅಷ್ಟೇ. ಅದು ಯಾವ ಮೂಲೆಗೆ? ವೈಶಾಖದ ಹೊತ್ತಿಗೆ ಹಿತ್ತಲು ಹಳೆಯ ಕಂಬಳಿ ಹಾಸಿದಂತೆ ಕಂದಾಯಿತು. ಹುಲ್ಲು ಸತ್ತಿತು ಎಂದು ನಾವು ಮೂವರೂ ಒಪ್ಪಿಕೊಂಡೆವು. ಆದರೂ ಅವರಿಬ್ಬರ ಬೆಳಗಿನ ನಡಿಗೆ ಮಾತ್ರ ನಿಲ್ಲಲಿಲ್ಲ. ಒಣ ಹುಲ್ಲು ಅವರ ಕಾಲ ಕೆಳಗೆ ಹಪ್ಪಳದ ಹಾಗೆ ಪುಡಿಯಾಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು.

ನಮ್ಮಪ್ಪನ ಮಗಳಾಗಿ ನಾನು ಗರಿಕೆಯ ಜಾತಿಯನ್ನು ಮರೆಯಬಾರದಿತ್ತು. ಮುಂಗಾರಿನ ಮೊದಲ ಮಳೆ ಬಿತ್ತು. ನಾಲ್ಕು ದಿನಕ್ಕೆ ಆ ಸತ್ತ ಕಂಬಳಿಯ ಎಳೆ ಎಳೆಯಿಂದ ಹಸಿರು ಸೂಜಿಗಳು ಎದ್ದು ನಿಂತವು. ಮಾವ ಕುಳಿತುಕೊಂಡು ಅಂಗೈಯಲ್ಲಿ ಸವರಿ ನೋಡಿದರು. ಸಂತೋಷದಲ್ಲಿ ಗಾಡಿಗಟ್ಟಲೆ ಕುರಿಗೊಬ್ಬರ ತರಿಸಿ, ಇನ್ನೂ ಹಸಿಯಾಗಿರುವುದನ್ನೇ ಹುಲ್ಲಿನ ಮೇಲೆಲ್ಲ ಹರಡಿಸಿದರು.

ಅದೇ ದಿನಗಳಲ್ಲಿ ಕಂದು ದುಂಬಿಗಳು ಬಂದವು. ಸಂಜೆಯಾದರೆ ಸಾಕು, ಹಿತ್ತಲ ಬೇವಿನ ಮರದ ಸುತ್ತ ಗುಂಯ್ ಎಂದು ಮುತ್ತುತ್ತಿದ್ದವು. ದೀಪಕ್ಕೆ ಬಡಿದು ಸಾರಿನ ಪಾತ್ರೆಗೆ ಬೀಳುತ್ತಿದ್ದವು. ಮಳೆಗಾಲದ ಹುಳ, ಬಂದು ಹೋಗುತ್ತವೆ ಎಂದು ನಾವು ಲೆಕ್ಕಕ್ಕೆ ಇಡಲಿಲ್ಲ. ಅವು ಹೋದದ್ದು ಮಾವನ ಹುಲ್ಲಿಗೆ, ಗೊಬ್ಬರ ತುಂಬಿದ ಮೆತ್ತನೆಯ ಮಣ್ಣಿಗೆ, ಮೊಟ್ಟೆ ಇಡುವುದಕ್ಕೆ. ಅದು ನಮಗೆ ತಿಳಿದದ್ದು ಭಾದ್ರಪದದಲ್ಲಿ.

ಆಗ ಹುಲ್ಲು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು. ಗೊರವಂಕಗಳು, ಕಾಗೆಗಳು ಹಿಂಡು ಹಿಂಡಾಗಿ ಬಂದು ಅದರಲ್ಲಿ ಕುಕ್ಕುತ್ತಿದ್ದವು. ಹಕ್ಕಿಗಳಿಗೂ ನನ್ನ ಹುಲ್ಲು ಬೇಕು ನೋಡು ಎಂದು ಮಾವ ಹಿಗ್ಗುತ್ತಿದ್ದರು. ಅತ್ತೆಗೂ ಹುಲ್ಲಿನ ಮೇಲೆ ಬಹಳ ಅಭಿಮಾನ ಬಂದಿತ್ತು. ದಿನಾ ನನ್ನನ್ನು ಕೇಳುತ್ತಿದ್ದರು, "ಹೆಂಗೈತೆ ಹುಡುಗಿ ನಮ್ಮ ಹುಲ್ಲು?" ನಾನು ಗಿಳಿ ಬಣ್ಣ ಎಂದರೆ, ಮಧ್ಯಾಹ್ನ ಮಾವನ ಎದುರಿಗೆ, "ಗಿಳಿ ರೆಕ್ಕೆ ಹರಡಿದಂಗೆ ಕಾಣ್ತೈತೆ" ಎನ್ನುತ್ತಿದ್ದರು. ಮಾವ ಅವತ್ತೆಲ್ಲ ನೆಲದ ಮೇಲೆ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರಿಬ್ಬರೂ ನಡೆಯುತ್ತಿದ್ದಾಗ ಅತ್ತೆ ನಡು ಹಿತ್ತಲಲ್ಲಿ ನಿಂತರು. ನಾನು ಬಾವಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದೆ.

"ಇಲ್ಲಿ ನೆಲ ಮೆತ್ತಗೈತೆ," ಎಂದರು.

ಮಾವ ನೋಡಿದರು. ಎಲ್ಲ ಕಡೆಯಂತೆ ಅಲ್ಲೂ ಹಸಿರೇ. ಮಳೆಗೆ ನೆಲ ನೆನೆದಿರಬೇಕು ಎಂದರು. ಅತ್ತೆ ಒಪ್ಪಲಿಲ್ಲ. ಪಾದದಿಂದ ಒತ್ತಿ ಒತ್ತಿ ನೋಡಿದರು. ಇಲ್ಲಿ ಹಾಸಿಗೆ ತುಳಿದಂಗೆ ಆಗುತ್ತದೆ, ಹುಲ್ಲಿಗೂ ನೆಲಕ್ಕೂ ನಂಟು ಬಿಟ್ಟಿದೆ ಎಂದರು. ಮಾವ ನಕ್ಕರು. ನಾನೂ ಎದ್ದು ಹೋಗಿ ನೋಡಿ, ಏನೂ ಇಲ್ಲ ಅತ್ತೆ, ಚೆನ್ನಾಗಿಯೇ ಇದೆ ಎಂದೆ. ಅತ್ತೆಗೆ ಹಟ ಬಂತು. ಅಲ್ಲೇ ಕುಳಿತು, ಎರಡು ಕೈಯಲ್ಲಿ ಹುಲ್ಲನ್ನು ಹಿಡಿದು ಎಳೆದರು.

ಎಳೆದದ್ದು ಒಂದು ಹಿಡಿ, ಬಂದದ್ದು ಇಡೀ ಹಾಸು. ಮಲಗಿದವರ ಮೇಲಿನ ಕಂಬಳಿ ಸೆಳೆದಂತೆ ಹುಲ್ಲು ಮಡಚಿಕೊಂಡು ಬಂತು. ಕೆಳಗೆ ಒಂದು ಬೇರೂ ಇರಲಿಲ್ಲ. ಬೇರು ಇರಬೇಕಾದ ಕಡೆ ಹುಳಗಳು. ಬೆರಳು ಗಾತ್ರದ, ಬೆಳ್ಳಗಿನ, ಕೊಬ್ಬಿದ ಗೊಣ್ಣೆಹುಳಗಳು, ಕೊಕ್ಕೆಯಂತೆ ಬಾಗಿಕೊಂಡು, ಕೆಂಪು ತಲೆ ಆಡಿಸುತ್ತಾ, ಒಂದರ ಮೈಗೊಂದು ಒತ್ತಿಕೊಂಡು ಮಲಗಿದ್ದವು. ಬೆಳಕು ಬಿದ್ದದ್ದೇ ಇಡೀ ನೆಲ ಮಿಸುಕಾಡಿತು. ನಾನು ಹೊಲದಲ್ಲಿ ಹುಟ್ಟಿದವಳು, ಹುಳ ಕಂಡು ಹೆದರುವ ಜಾತಿಯಲ್ಲ. ಆದರೂ ಎರಡು ಮಾರು ಹಿಂದಕ್ಕೆ ಹಾರಿದೆ. ಹಾವಿಗೂ ಹೆದರದ ಮಾವ ಕೂಡ ಹಿಂದೆ ಸರಿದರು. ಹುಲ್ಲಿನ ಮೇಲೆ ಅಷ್ಟು ಚೆಂದ, ಕೆಳಗೆ ಇದು! ಇಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ.

ಅತ್ತೆ ಮಾತ್ರ ಅಲ್ಲೇ ಕುಳಿತಿದ್ದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ನಮ್ಮ ಮೌನ ಕೇಳಿಸಿಕೊಳ್ಳುವಂತೆ ತಲೆ ಒಂದಿಷ್ಟು ಓರೆ ಮಾಡಿದರು. ಆಮೇಲೆ ಮಡಚಿದ ಹುಲ್ಲಿನ ಕೆಳಗೆ, ಆ ಹುಳಗಳ ನಡುವೆ ನೇರವಾಗಿ ಕೈ ಇಟ್ಟರು. ಅಂಗೈ ತುಂಬ ತೆಗೆದುಕೊಂಡರು. ಹೆಬ್ಬೆರಳಿನಿಂದ ಒಂದನ್ನು ಒತ್ತಿ ನೋಡಿದರು.

"ಇದೇನಿದು, ಇಲ್ಲಿ ಯಾರು ಬೆಳ್ಳುಳ್ಳಿ ಚೆಲ್ಲಿದ್ದು?" ಎಂದರು.

ಒಂದು ಹುಳ ಅವರ ಮಣಿಕಟ್ಟಿನ ಬಳೆಯ ಕಡೆ ಹರಿಯತೊಡಗಿತು. ಆಗ ಅವರಿಗೆ ಅರ್ಥವಾಯಿತು, ಅದು ಬೆಳ್ಳುಳ್ಳಿಯಲ್ಲ ಎಂದೂ, ನಾವು ಯಾಕೆ ಸುಮ್ಮನಾದೆವು ಎಂದೂ. ಕೈ ಕೊಡವಿ, ಸೆರಗಿಗೆ ಒರೆಸಿಕೊಂಡು, ತಲೆ ತಗ್ಗಿಸಿ ಕುಳಿತರು.

ನಾನು ಮಾವನ ಮುಖ ನೋಡಿದೆ. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಬೆಳಗಿನ ಬಿಸಿಲು ನೇರವಾಗಿ ಬಿದ್ದಿತ್ತು. ಒಂದು ಮಾರು ದೂರದಲ್ಲಿ ಅಂಥ ದೃಶ್ಯ. ಮಬ್ಬು ಕಮ್ಮಿಯಾಗುತ್ತಿರುವವರಿಗೆ, ಒಂದಿಷ್ಟಾದರೂ ಕಾಣುವವರಿಗೆ, ಬಿಳುಪಾಗಿ ಮಿಸುಕುವುದಾದರೂ ಕಾಣಬೇಕಿತ್ತು.

"ನಿನಗೆ ಕಾಣಲ್ವಾ?" ಎಂದರು ಮಾವ.

ಅತ್ತೆ ಸೆರಗಿಗೆ ಮತ್ತೊಮ್ಮೆ ಕೈ ಒರೆಸಿಕೊಂಡರು.

"ಒಂಚೂರೂ?"

"ಇಲ್ಲ."

"ಯಾವಾಗಿಂದ?"

ಅತ್ತೆ ಪಕ್ಕದ ಹುಲ್ಲನ್ನು ಬೆರಳಿನಿಂದ ಸವರಿದರು. "ನೀವು ನೆಟ್ಟ ಗರಿಕೆ ಬೇರು ಬಿಡೋದ್ರೊಳಗೇ ನಂಗೆ ಕತ್ಲಾಗಿತ್ತು. ನಾನು ನಿಮ್ಮ ಹುಲ್ಲನ್ನ ನೋಡೇ ಇಲ್ಲ."

ವರ್ಷವೊಂದು ಕಳೆದಿತ್ತು. ಅವರ ಪಕ್ಕದಲ್ಲಿ ಕುಳಿತು ಅಡುಗೆ ಮಾಡಿದ್ದೆ, ತಲೆ ಬಾಚಿದ್ದೆ, ಬೈಸಿಕೊಂಡಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅವರು ಬೆರಳು ನಂಬುತ್ತಿದ್ದರೇ ಹೊರತು ಕಣ್ಣನ್ನಲ್ಲ. ಉಪ್ಪಿನ ಮಡಕೆ ಒಂದು ಗೇಣು ಸರಿಸಿದರೂ ರೇಗುತ್ತಿದ್ದರು, ಅದನ್ನು ನಾನು ಅತ್ತೆತನ ಎಂದುಕೊಂಡಿದ್ದೆ. ನನ್ನ ಕಾಲುಂಗುರದ ಸದ್ದಿನಿಂದ ನನ್ನನ್ನು ಗುರುತಿಸುತ್ತಿದ್ದರು, ಮುಖ ಯಾಕೆ ಸಪ್ಪಗಿದೆ ಎಂದು ದನಿ ಕೇಳಿ ಕೇಳುತ್ತಿದ್ದರು. ನನ್ನ ಬಾಯಿಂದ ಗಿಳಿ ತೆಗೆದುಕೊಂಡು ಅದಕ್ಕೆ ರೆಕ್ಕೆ ಕಟ್ಟಿ ಗಂಡನಿಗೆ ಕೊಡುತ್ತಿದ್ದರು. ಎರಡೆರಡು ಕಣ್ಣಿದ್ದ ನಮಗೆ ಯಾರಿಗೂ ಇದು ಕಂಡಿರಲಿಲ್ಲ.

ಮಾವನಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರು ಹುಳಗಳ ಪಕ್ಕದಲ್ಲೇ, ಒದ್ದೆ ನೆಲದ ಮೇಲೆ ಕುಳಿತರು. ಒಂದು ಮಾತು ಹೇಳಬಾರದಿತ್ತಾ ಎಂದರು. ಅಷ್ಟು ದೊಡ್ಡ ಗಂಟಲು ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹೇಳಿದ್ರೆ ನೀವು ಕೈ ಬಿಟ್ಟುಬಿಡ್ತಿದ್ರಿ," ಎಂದರು ಅತ್ತೆ.

ಬಾವಿಯ ರಾಟೆಯ ಮೇಲೆ ಕಾಗೆಯೊಂದು ಕೂಗುತ್ತಿತ್ತು. ನಾನು ಬೆಳಗುತ್ತಿದ್ದ ಪಾತ್ರೆಗಳನ್ನು ಅಲ್ಲೇ ಬಿಟ್ಟು ಒಳಗೆ ಬಂದೆ. ಒಲೆಯ ಮೇಲಿನ ಹಾಲು ಉಕ್ಕಿ ಬೂದಿಯ ಪಾಲಾಗಿತ್ತು. ಅದನ್ನು ಒರೆಸುತ್ತಾ ಕುಳಿತೆ. ಎಷ್ಟು ಹೊತ್ತು ಒರೆಸಿದೆನೋ.

ಹೊತ್ತೇರಿದ ಮೇಲೆ ಮಾವ ಗುದ್ದಲಿ ಎತ್ತಿಕೊಂಡದ್ದು ಕಂಡು ಹುಲ್ಲಿನ ಕತೆ ಮುಗಿಯಿತು ಎಂದುಕೊಂಡೆ. ಕಾಣದ ಕಣ್ಣಿಗೆ ಇನ್ನು ಇಬ್ಬನಿ ಯಾಕೆ? ಆದರೆ ಅವರು ಅಗೆಯಲಿಲ್ಲ. ಬೇರು ಕಳಚಿದ್ದ ಕಡೆಯೆಲ್ಲ ಹುಲ್ಲನ್ನು ಚಾಪೆ ಸುತ್ತಿದಂತೆ ಸುತ್ತಿ ಪಕ್ಕಕ್ಕೆ ಇಟ್ಟು ಮೇಲೆ ನೀರು ಚಿಮುಕಿಸಿದರು. ನನ್ನನ್ನು ಕರೆದರು. ಮೊದಲ ಸಲ ಅತ್ತೆಯ ಮೂಲಕವಲ್ಲದೆ ನೇರವಾಗಿ, "ಅವ್ವಾ, ಒಂದು ಗಡಿಗೆ ತಗಂಬಾ" ಎಂದರು. ಮೂವರೂ ಕುಳಿತು ಹುಳ ಆಯ್ದೆವು, ಅತ್ತೆ ಎಲ್ಲರಿಗಿಂತ ಚುರುಕಾಗಿ. ಬೆರಳಿಗೆ ಸಿಕ್ಕಿದ್ದು ಅವರಿಂದ ತಪ್ಪಿಸಿಕೊಳ್ಳಲಿಲ್ಲ. ನಿಂಗಮ್ಮ ವಿಷಯ ಕೇಳಿ ತನ್ನ ಕೋಳಿಗಳನ್ನು ಬೇಲಿ ದಾಟಿಸಿ ಕಳಿಸಿದಳು. ಕೋಳಿ, ಕಾಗೆ, ಗೊರವಂಕ ಎಲ್ಲ ಸೇರಿ ಮಿಕ್ಕಿದ್ದನ್ನು ಮುಗಿಸಿದವು. ನೆಲವನ್ನು ಒಂದೆರಡು ದಿನ ಬಿಸಿಲಿಗೆ ಬಿಟ್ಟು, ಬೇವಿನ ಹಿಂಡಿ ಕುಟ್ಟಿ ಬೆರೆಸಿ, ಹುಲ್ಲಿನ ಚಾಪೆಗಳನ್ನು ಮತ್ತೆ ಹಾಸಿ, ತುಳಿದು ಕೂರಿಸಿದರು. ಹಸಿ ಗೊಬ್ಬರವನ್ನು ಆಮೇಲೆ ಅವರು ಹಿತ್ತಲಿಗೆ ತರಿಸಲಿಲ್ಲ.

ಎಲ್ಲ ಹುಲ್ಲು ಬದುಕಲಿಲ್ಲ. ಕೆಲವು ಚಾಪೆ ಹಿಡಿದವು, ಕೆಲವು ಒಣಗಿದವು. ಹಿತ್ತಲು ಅಲ್ಲಲ್ಲಿ ಬೋಳು ಬೋಳಾಗಿ, ಹರಿದ ಕಂಬಳಿಗೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಹಾಸಿ ಮುಗಿಸಿದ ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಎದ್ದು, ಕೈಕಾಲು ತೊಳೆದು, ಅತ್ತೆಯ ಎದುರಿಗೆ ನಿಂತು ಕೈ ನೀಡಿದರು. ನೀಡಿದ ಕೈ ಅತ್ತೆಗೆ ಕಾಣುವುದಿಲ್ಲ ಎಂಬುದು ಆಗ ಅವರಿಗೆ ನೆನಪಾಯಿತೆಂದು ತೋರುತ್ತದೆ. ಬಗ್ಗಿ ತಾವೇ ಅವರ ಕೈ ಹಿಡಿದುಕೊಂಡರು. ಹೇಗಿದೆ ಎಂದು ಕೇಳಲಿಲ್ಲ. ಅವರೇ ಹೇಳತೊಡಗಿದರು. ಬೆಲೆ ಬಿಟ್ಟು ಬೇರೆ ಮಾತಾಡಲು ಬಾರದ ಮನುಷ್ಯ ತಡವರಿಸುತ್ತಾ, ಒಂದೊಂದೇ ಪದ ಹುಡುಕುತ್ತಾ ಹೇಳುತ್ತಿದ್ದರು. ಇಲ್ಲಿ ಎಳೇದು, ಇನ್ನೂ ಹಳದಿ. ಇಲ್ಲೊಂದು ಓತಿಕ್ಯಾತ ಕೂತಿದೆ, ತಲೆ ಎತ್ತಿ ನಮ್ಮನ್ನೇ ನೋಡುತ್ತಿದೆ. ಇಲ್ಲಿ ಇಬ್ಬನಿ ಹೆಚ್ಚು. ಬಾವಿಯ ಹತ್ತಿರದ ಬೋಳು ಜಾಗ ಬಂದಾಗ ಒಂದು ಗಳಿಗೆ ನಿಂತರು. ಹಸಿರಾಗಿದೆ ಎಂದುಬಿಡುವುದು ಸುಲಭವಿತ್ತು.

"ಈ ಕಡೆ ಪೂರಾ ಸತ್ತೈತೆ ಕಣೇ," ಎಂದರು.

"ಗೊತ್ತು," ಎಂದರು ಅತ್ತೆ. "ಮುಂದಕ್ಕೆ ನಡೀರಿ."